ಹಕ್ಕಿ ಕಂಡೂ ಬಾರದ ದೋಣಿ

ಮೀನು ಹಿಡಿದು ಬದುಕುವ ನಮ್ಮ ಸಾನ್ ತೆಲ್ಮೋದಲ್ಲಿ ಅಡ್ಡಹೆಸರಿಲ್ಲದವನು ಎಂದರೆ ಒಂದೋ ಪಾದ್ರಿ, ಇಲ್ಲವೇ ನಿನ್ನೆ ಹುಟ್ಟಿದ ಕೂಸು. ಬೆಳ್ಳಗಿದ್ದವನು ಗ್ವೇರೋ, ಬಿಳಿಯ ಎಂದು. ಕುಂಟಿದವನು ಸಾಯುವ ತನಕ ಕುಂಟ. ನಿಕನೋರ್ ಸೆಸೇನ್ಯಾನಿಗೆ ಊರು ಇಟ್ಟ ಹೆಸರು ಮುದೋ, ಎಂದರೆ ಮೂಗ. ಅವನಿಗೆ ಮಾತು ಬಾರದು ಎಂದಲ್ಲ. ದೊಮಿನೋ ಆಡಲು ಕೂತರೆ ನಾಲ್ಕು ಜನರ ಮಾತನ್ನು ಅವನೊಬ್ಬನೇ ಆಡುತ್ತಿದ್ದ, ಸೋತವನ ಏಳು ತಲೆಮಾರನ್ನು ಹಾಡಿ ಹೊಗಳುತ್ತಿದ್ದ. ಆದರೆ ಮೀನಿನ ಸುದ್ದಿ ಬಂತೋ, ಬಾಯಿಗೆ ಬೀಗ.

ಕಸುಬು ಅಂಥದ್ದು, ಅವನನ್ನು ಬೈದು ಉಪಯೋಗವಿಲ್ಲ. ಊರಿನ ಉಳಿದ ಪಾಂಗಾದವರು, ಎಂದರೆ ಇಂಜಿನ್ ದೋಣಿಯವರು, ಗಿರಾಕಿಗಳನ್ನು ಕೂರಿಸಿಕೊಂಡು, ದೋಣಿಯ ಹಿಂದೆ ದಪ್ಪ ಗಾಳಗಳನ್ನು ಎಳೆಯುತ್ತ, ಇಂಜಿನ್ ಗುಡುಗಿಸಿಕೊಂಡು ಸುತ್ತುತ್ತಾರೆ. ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಬಿಯರಿದೆ. ನಿಕನೋರನ ಬಳಿ ಬರುವವರು ಪುಕ್ಕದ ಗಾಳದವರು. ಸಣ್ಣ ಗಾಳಕ್ಕೆ ಕೋಳಿಪುಕ್ಕ, ಮೇಕೆಕೂದಲು, ಮಿಂಚುವ ಎಳೆ ಸುತ್ತಿ ಅದಕ್ಕೆ ಮರಿಮೀನಿನ ವೇಷ ಹಾಕಿಕೊಂಡು ಬರುತ್ತಾರೆ. ಆ ಗಾಳಕ್ಕೆ ತೂಕವೇ ಇಲ್ಲ. ಕೋಲನ್ನು ಹಿಂದಕ್ಕೂ ಮುಂದಕ್ಕೂ ಬೀಸಿ, ದಾರವನ್ನು ಗಾಳಿಯಲ್ಲೇ ಉದ್ದಕ್ಕೆ ಬಿಚ್ಚಿ, ಮೀನಿನ ಮೂಗಿನ ಮುಂದೆ ಮೆತ್ತಗೆ ಇಳಿಸಬೇಕು. ದೋಣಿ ಸದ್ದು ಮಾಡಿದರೆ ಮೀನು ಪಾತಾಳಕ್ಕೆ ಇಳಿಯುತ್ತದೆ. ಆದ್ದರಿಂದ ನಿಕನೋರ್ ದೂರದಲ್ಲೇ ಇಂಜಿನ್ ಆರಿಸಿ, ದೋಣಿಯನ್ನು ತೇಲಿಬಿಟ್ಟು, ಹಿಡಿಯಷ್ಟು ಜೀವಂತ ಸಾರ್ದಿನಾ ಮರಿಗಳನ್ನು ನೀರಿಗೆ ಎರಚುತ್ತಿದ್ದ. ದೊರಾದೋ ಮೀನುಗಳು ಹಸಿರು ಚಿನ್ನದ ಮೈ ಹೊಳೆಯಿಸುತ್ತ ಮೇಲೆದ್ದು ಹುಚ್ಚೆದ್ದು ತಿನ್ನುವಾಗ ಗಿರಾಕಿಯ ಹೆಗಲು ಮುಟ್ಟಿ "ಈಗ" ಎನ್ನುತ್ತಿದ್ದ. ಆ ಒಂದು ಮಾತಿಗಾಗಿ ಜನ ಎಲ್ಲೆಲ್ಲಿಂದಲೋ ವಿಮಾನ ಹತ್ತಿ ಬರುತ್ತಿದ್ದರು.

ದೊರಾದೋ ನೆರಳಿಗೆ ಸೋಲುವ ಮೀನು. ಬಿಸಿಲು ಕಾಯುವ ಬಯಲು ಸಮುದ್ರದಲ್ಲಿ ಏನು ತೇಲಿದರೂ ಅದರಡಿ ಬಂದು ಸೇರುತ್ತದೆ. ಪಾಚಿಯ ರಾಶಿ, ಹಳ್ಳ ಕೊಚ್ಚಿ ತಂದ ಮರದ ದಿಮ್ಮಿ, ಸತ್ತ ಕಡಲಸಿಂಹ, ಯಾರದೋ ಮನೆಯ ಪ್ಲಾಸ್ಟಿಕ್ ಕುರ್ಚಿ, ಅದಕ್ಕೆ ಎಲ್ಲವೂ ಒಂದೇ. ಮೀನಿರುವ ಜಾಗದ ಮೇಲೆ ಆಕಾಶದಲ್ಲಿ ಕತ್ತರಿಬಾಲದ ಕಪ್ಪು ಹಕ್ಕಿಗಳು ಸುತ್ತು ಹಾಕುತ್ತಿರುತ್ತವೆ. ಹಕ್ಕಿ ಕಂಡರೆ ಯಾವ ಪಾಂಗಾದವನೂ ಬಿಡುವುದಿಲ್ಲ, ದೋಣಿಯ ಮೂಗು ತಿರುಗಿಸಿ ಓಡಿ ಬರುತ್ತಾನೆ. ದಿಮ್ಮಿಯ ಸುತ್ತ ನಾಲ್ಕು ಇಂಜಿನ್ ಗುಡುಗಿದರೆ ಪುಕ್ಕದ ಗಾಳದವನಿಗೆ ಆಮೇಲೆ ಬರೀ ಚಿಪ್ಪು.

ಹಾಗಾಗಿ ದಿಮ್ಮಿ ಸಿಕ್ಕವನು ಬಾಯಿ ಬಿಡುವುದಿಲ್ಲ. ರೇಡಿಯೋದಲ್ಲಿ ಕೇಳಿದರೆ ಎಲ್ಲರ ಉತ್ತರವೂ ಒಂದೇ, "ಏನೂ ಇಲ್ಲ, ಬರೀ ನೀರು." ಬೇರೆ ದೋಣಿಯ ಚುಕ್ಕೆ ದೂರದಲ್ಲಿ ಕಂಡರೆ ಇನ್ನೊಂದು ಉಪಾಯವಿದೆ. ಅವನು ಹಕ್ಕಿಗಳನ್ನು ನೋಡುವ ಮೊದಲೇ ದಿಮ್ಮಿ ಬಿಟ್ಟು ಹೊರಟುಬಿಡಬೇಕು, ಎರಡು ಮೈಲಿ ದೂರ ಹೋಗಿ ಖಾಲಿ ನೀರಿನಲ್ಲಿ ಗಾಳ ಇಳಿಬಿಟ್ಟು ಮುಖ ಜೋಲು ಹಾಕಿಕೊಂಡು ಕೂರಬೇಕು. ಬಂದವನು ನಿನ್ನ ಹಿಂದೆಯೇ ಬಂದು ಖಾಲಿ ನೀರು ನೋಡಿ ಮೋಸ ಹೋಗುತ್ತಾನೆ. ಈ ನಾಟಕ ಎಲ್ಲರಿಗೂ ಗೊತ್ತು, ಎಲ್ಲರೂ ಆಡುತ್ತಾರೆ. ನಿಕನೋರನಷ್ಟು ಚೆನ್ನಾಗಿ ಯಾರೂ ಆಡುತ್ತಿರಲಿಲ್ಲ.

"ಮುದೋ, ಏನಾದ್ರೂ ಸಿಕ್ತೇನೋ?" ಎಂದು ಇನ್ನೊಂದು ಪಾಂಗಾದ ಗ್ವೇರೋ ರೇಡಿಯೋದಲ್ಲಿ ಕೆಣಕುತ್ತಿದ್ದ.

"ಏನೂ ಇಲ್ಲಪ್ಪ. ಬರೀ ನೀರು."

"ನಿನ್ನ ಬರೀ ನೀರನ್ನ ನಿನ್ನೆ ಮೀನು ಕೊಯ್ಯೋ ಮೇಜಿನ ಮೇಲೆ ನೋಡ್ದೆ ಬಿಡು. ಬಾಲ ನನ್ನ ಹೆಂಡ್ತಿಗಿಂತ ಉದ್ದ ಇತ್ತು."

"ನಿನ್ನ ಹೆಂಡ್ತಿ ಗಿಡ್ಡ ಕಣೋ. ಅದು ನನ್ನ ತಪ್ಪಾ?"

ಇಂಥ ನಿಕನೋರನಿಗೆ ಊರಲ್ಲಿ ಅತಿ ಹತ್ತಿರದವನು ಹಿಲಾರಿಯೋ ಲುಸೇರೋ. ಎಲ್ಲರ ಬಾಯಲ್ಲಿ ಲಾಯೋ. ಇಬ್ಬರೂ ಚಡ್ಡಿ ಹಾಕದ ಕಾಲದಿಂದ ಜೊತೆಗಾರರು. ಲಾಯೋ ಗಿರಾಕಿಗಳ ಸಹವಾಸಕ್ಕೆ ಹೋಗಲಿಲ್ಲ, ಬಲೆ ಹಾಕಿಕೊಂಡೇ ಉಳಿದ. ಅವನ ಮಗಳು ಯಾದಿರಾಳ ಜ್ಞಾನಸ್ನಾನಕ್ಕೆ ಮಗುವನ್ನು ಎತ್ತಿ ಹಿಡಿದವನು ನಿಕನೋರ್. ಅಂದಿನಿಂದ ಅವರಿಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ಲಾಯೋನ ಹೆಂಡತಿ ಚಬೇಲಾ ಅವನಿಗೆ ಕೊಮಾದ್ರೆ. ಈ ನಂಟು ರಕ್ತದ ನಂಟಿಗಿಂತ ಬಿಗಿ. ಒಡಹುಟ್ಟಿದವರು ಹೊಡೆದಾಡಬಹುದು, ಕೊಂಪಾದ್ರೆಗಳು ಹೊಡೆದಾಡುವಂತಿಲ್ಲ. ಏಕವಚನದಲ್ಲಿ ಬೆಳೆದವರು ಅಂದಿನಿಂದ 'ನೀವು' ಎನ್ನತೊಡಗಿದರು, ಕುಡಿದಾಗಲೂ ತಪ್ಪಲಿಲ್ಲ.

ಆ ಆಗಸ್ಟಿನ ಭಾನುವಾರ ಮಧ್ಯಾಹ್ನ ಲಾಯೋ ತನ್ನ ಪಾಂಗಾ ತೆಗೆದುಕೊಂಡು ದ್ವೀಪದ ಕ್ಯಾಂಪಿಗೆ ಹೊರಟ. ಜೊತೆಗೆ ಚಬೇಲಾಳ ತಮ್ಮ ಎಫ್ರೇನ್. ನಲವತ್ತರ ಆಳು, ಸಮುದ್ರಕ್ಕೆ ಮುಳುಗಿ ಚಿಪ್ಪು ತೆಗೆಯುವವನು. ಮದುವೆಯಾಗದೆ ಅಕ್ಕನ ಮನೆಯಲ್ಲೇ ಉಂಡುಕೊಂಡು, ಯಾದಿರಾಳನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು. ಚಬೇಲಾ ಇಬ್ಬರಿಗೂ ತೋರ್ತಿಯಾ ರೊಟ್ಟಿ, ಒಣಮಾಂಸ, ಪಿತಾಯಾ ಹಣ್ಣು ಕಟ್ಟಿಕೊಟ್ಟು, ವಾರದ ಕೊನೆಗೆ ಬರುತ್ತಾರೆ ಎಂದು ನಿಶ್ಚಿಂತೆಯಾಗಿದ್ದಳು. ಸಂಜೆ ಉತ್ತರದಿಂದ ಚುಬಾಸ್ಕೋ ಬಂತು. ಬೇಸಿಗೆಯ ಬಿರುಗಾಳಿ, ಕೇಳದೆ ಬರುತ್ತದೆ, ಹೇಳದೆ ಹೋಗುತ್ತದೆ. ಒಂದೆರಡು ಮನೆಗಳ ತಗಡು ಹಾರಿತು, ಕೋಳಿಗಳು ಒದ್ದೆಯಾದವು. ಅವರಿಬ್ಬರೂ ಕ್ಯಾಂಪು ಸೇರಿರುತ್ತಾರೆ ಎಂದು ಊರು ಅಂದುಕೊಂಡಿತು. ಗಾಳಿ ನೋಡಿ ಹೊರಟೇ ಇಲ್ಲ ಎಂದು ಕ್ಯಾಂಪು ಅಂದುಕೊಂಡಿತು. ದ್ವೀಪದ ಕ್ಯಾಂಪಿಗೆ ರೇಡಿಯೋ ಮುಟ್ಟುತ್ತಿರಲಿಲ್ಲ.

ಸೋಮವಾರ ಸಮುದ್ರ ತೊಳೆದಿಟ್ಟ ತಟ್ಟೆಯಾಗಿತ್ತು. ನಿಕನೋರನ ದೋಣಿಯಲ್ಲಿ ಜೋಯ್ಸ್ ಇದ್ದಳು. ಪ್ರತಿ ಆಗಸ್ಟಿನಲ್ಲೂ ಒಬ್ಬಳೇ ಬರುವ, ಎಪ್ಪತ್ತರ ಹತ್ತಿರದ ಹೆಂಗಸು. ಸ್ಪ್ಯಾನಿಷ್ ಅರೆಬರೆ, ಕೋಲು ಬೀಸುವುದು ಮಾತ್ರ ಅಪ್ಪಟ. ಉತ್ತರದ ಕಡೆ ಬಹಳ ದೂರ ಹೋದಮೇಲೆ ದೊಡ್ಡದೊಂದು ದಿಮ್ಮಿ ಸಿಕ್ಕಿತು, ಬೇರುಸಮೇತ, ಹಳ್ಳ ಕೊಚ್ಚಿ ತಂದದ್ದು. ಮೇಲೆ ಹಕ್ಕಿಗಳ ಸಂತೆ, ಕೆಳಗೆ ಮೀನಿನ ಸಂತೆ. ನಿಕನೋರ್ ಇಂಜಿನ್ ಆರಿಸಿದ. ಮರಿಮೀನು ಎರಚಿದ. ಜೋಯ್ಸಳ ಎರಡನೇ ಬೀಸಿಗೇ ಗಂಡು ದೊರಾದೋ ಕಚ್ಚಿಕೊಂಡು ನೀರಿನಿಂದ ಮೇಲಕ್ಕೆ ಚಿಮ್ಮಿತು. ರೇಡಿಯೋ ಕೇಳಿತು, ಅವನು ಬರೀ ನೀರು ಎಂದ.

ಮೂರನೇ ಮೀನನ್ನು ಹಿಡಿದು ನೀರಿಗೆ ಬಿಟ್ಟಮೇಲೆ ಜೋಯ್ಸ್ ಕೋಲನ್ನು ಕಂಕುಳಲ್ಲಿಟ್ಟುಕೊಂಡು ಪೂರ್ವಕ್ಕೆ ನೋಡಿದಳು.

"ನಿಕೋ, ಅಲ್ಲಿ ಯಾರೋ ಇದಾರೆ."

ಅವನು ಕಣ್ಣು ಕಿರಿದು ಮಾಡಿ ನೋಡಿದ. ಬಿಸಿಲಿನ ಝಳದಲ್ಲಿ ಕಪ್ಪು ಚುಕ್ಕೆ. ಪಾಂಗಾವೇ. ಯಾರೋ ಎದ್ದು ನಿಂತಿದ್ದಂತಿತ್ತು.

"ಕೈ ಬೀಸ್ತಿದಾರೆ," ಎಂದು ಅವಳು ನಕ್ಕು ತಾನೂ ಕೈ ಬೀಸಿದಳು.

"ಅದು ಗ್ವೇರೋ. ಮೀನೆಲ್ಲಿ ಅಂತ ಕೇಳ್ತಿದಾನೆ. ದಾರ ಸುತ್ತಿ, ಹೋಗೋಣ."

"ಇಷ್ಟು ಮೀನು ಬಿಟ್ಟಾ?"

"ಮೀನು ಇರಬೇಕು ಅಂದ್ರೆ ಹೋಗ್ಬೇಕು."

ಅವಳಿಗೂ ಈ ಆಟ ಗೊತ್ತಿತ್ತು. ಕಣ್ಣು ಮಿಟುಕಿಸಿ ದಾರ ಸುತ್ತಿದಳು. ನಿಕನೋರ್ ಇಂಜಿನ್ ಎಳೆದು ಪಶ್ಚಿಮಕ್ಕೆ ಮೂಗು ತಿರುಗಿಸಿ, ದೂರದ ಖಾಲಿ ನೀರಿಗೆ ಹೋಗಿ ಮಾಮೂಲಿ ನಾಟಕ ಹೂಡಿದ. ಯಾರೂ ಹಿಂದೆ ಬರಲಿಲ್ಲ. ಗ್ವೇರೋ ಬೇಸತ್ತು ಹೋಗಿರಬೇಕು ಎಂದುಕೊಂಡು ಅವನು ಒಳಗೊಳಗೇ ಬೀಗಿದ. ಮರುದಿನ ದಿಮ್ಮಿ ಇನ್ನಷ್ಟು ಉತ್ತರಕ್ಕೆ ಸರಿದಿತ್ತು. ಹುಡುಕಿ ಹಿಡಿದ. ಆ ದಿನ ಯಾವ ಚುಕ್ಕೆಯೂ ಇರಲಿಲ್ಲ, ಮೀನಿಗೆ ಲೆಕ್ಕವೂ ಇರಲಿಲ್ಲ.

ಬುಧವಾರ ಮಧ್ಯಾಹ್ನ ಅವನು ಮರಳಿನ ಮೇಲೆ ದೋಣಿ ಎಳೆದು ತೊಳೆಯುತ್ತಿದ್ದಾಗ ದ್ವೀಪದ ಕ್ಯಾಂಪಿನ ಅಡುಗೆಯವನು ಕುಡಿಯುವ ನೀರಿನ ಡ್ರಮ್ಮು ತುಂಬಿಸಿಕೊಳ್ಳಲು ಬಂದ. ಸಹಕಾರ ಸಂಘದ ಚಪ್ಪರದಡಿ ಚಬೇಲಾ ಬಲೆ ಹೆಣೆಯುತ್ತಿದ್ದಳು.

"ಲಾಯೋ ಯಾವಾಗ ಬರ್ತಾನಮ್ಮಾ?" ಎಂದು ಅಡುಗೆಯವನು ಕೇಳಿದ. "ಐಸ್ ತರ್ತೀನಿ ಅಂದಿದ್ದ, ಮೀನೆಲ್ಲ ಕೊಳೀತಿದೆ."

ಚಬೇಲಾಳ ಕೈಯಲ್ಲಿನ ಬಲೆಯ ಸೂಜಿ ನಿಂತಿತು. "ಭಾನುವಾರಾನೇ ಬಂದ್ರಲ್ಲ ನಿಮ್ಮಲ್ಲಿಗೆ."

"ಯಾರೂ ಬರ್ಲಿಲ್ಲ."

ಇಷ್ಟೇ ಮಾತು. ನಿಕನೋರ್ ದೋಣಿ ತೊಳೆಯುವುದನ್ನು ನಿಲ್ಲಿಸಿದ. ಕೈಯಲ್ಲಿದ್ದ ಬಕೆಟ್ಟು ಹಾಗೇ ಇತ್ತು, ನೀರು ಕಾಲ ಮೇಲೆ ಚೆಲ್ಲುತ್ತಿತ್ತು. ಸೋಮವಾರ ಕಂಡ ಚುಕ್ಕೆ ಅವನ ಕಣ್ಣ ಮುಂದೆ ನಿಂತುಬಿಟ್ಟಿತು. ಅದು ತಗ್ಗಾಗಿತ್ತು. ನೀರು ತುಂಬಿದ ಪಾಂಗಾ ಹಾಗೆ ತಗ್ಗಾಗಿ ಕೂರುತ್ತದೆ. ಅದು ಅಲುಗಲಿಲ್ಲ. ಹಕ್ಕಿಗಳು ಅಷ್ಟೊಂದು ಇದ್ದವು, ಕುರುಡನಿಗೂ ಕಾಣುವಷ್ಟು. ಹಕ್ಕಿ ಕಂಡೂ ಬಾರದ ದೋಣಿ ಈ ಕರಾವಳಿಯಲ್ಲಿ ಇದೆಯೇ? ಗ್ವೇರೋ ಆಗಿದ್ದರೆ ಹಾರಿ ಬರುತ್ತಿದ್ದ. ಬರಲಾಗದ ದೋಣಿ ಮಾತ್ರ ಬರುವುದಿಲ್ಲ. ಇಷ್ಟು ಸಣ್ಣ ಲೆಕ್ಕ, ಮೂವತ್ತು ವರ್ಷ ಸಮುದ್ರದಲ್ಲಿ ಬೆಂದವನಿಗೆ ಆ ಹೊತ್ತು ಹೊಳೆಯಲಿಲ್ಲ. ಯಾಕೆ ಹೊಳೆಯಲಿಲ್ಲ ಎಂದರೆ, ಅವನು ಯೋಚಿಸುತ್ತಿದ್ದದ್ದು ದಿಮ್ಮಿಯನ್ನು ಹೇಗೆ ಬಚ್ಚಿಡುವುದು ಎಂದು.

ಅರ್ಧ ಗಂಟೆಯಲ್ಲಿ ಇಡೀ ಊರು ದಡದಲ್ಲಿತ್ತು. ಸಂಘದ ಹಿರಿಯ ದೋನ್ ಬೋನಿಫಾಸಿಯೋ ಮರಳಿನ ಮೇಲೆ ಕೋಲಿನಿಂದ ಗೆರೆ ಎಳೆದು ದೋಣಿಗಳನ್ನು ಹಂಚತೊಡಗಿದ.

"ಗಾಳಿ ಉತ್ತರದಿಂದ ಬಂತು. ದಕ್ಷಿಣಕ್ಕೇ ಹೋಗಿದಾರೆ. ಎಲ್ರೂ ದಕ್ಷಿಣಕ್ಕೆ."

ನಿಕನೋರ್ ಮುಂದೆ ಬಂದ. ಚಬೇಲಾ ಎರಡು ಹೆಜ್ಜೆ ದೂರದಲ್ಲಿ, ಬಲೆಯ ಸೂಜಿಯನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಒಂದೆರಡು ದೋಣಿ ಉತ್ತರಕ್ಕೂ ಹೋಗ್ಲಿ, ದೋನ್ ಬೋನಿ."

"ಯಾಕೆ?"

"ಬಿರುಗಾಳಿ ಆದ್ಮೇಲೆ ನೀರು ಆ ಕಡೆ ಎಳೀತಿದೆ."

"ನಿನಗೆ ಹೇಗೆ ಗೊತ್ತೋ?" ಎಂದ ಗ್ವೇರೋ. ಕೆಣಕಲು ಕೇಳಿದ್ದಲ್ಲ, ನಿಜವಾಗಿಯೇ ಕೇಳಿದ್ದು. "ನೀನು ಈ ಮೂರು ದಿನ ಎಲ್ಲಿದ್ದೆ?"

"ದಕ್ಷಿಣದ ದಿಣ್ಣೆ ಹತ್ರ."

ಬಾಯಿಗೆ ರೂಢಿಯಾದ ಸುಳ್ಳು ತಾನಾಗಿಯೇ ಜಾರಿ ಬಿತ್ತು. ಅವನು ಅದನ್ನು ಹೇಳಬೇಕೆಂದು ಹೇಳಲಿಲ್ಲ. ಎಲ್ಲಿದ್ದೆ ಎಂದು ಯಾರಾದರೂ ಕೇಳಿದರೆ ಇದ್ದ ಜಾಗಕ್ಕೆ ಎದುರು ದಿಕ್ಕನ್ನು ಹೇಳುವುದು ಅವನಿಗೆ ಉಸಿರಾಡಿದಷ್ಟು ಸಲೀಸು. ಹೇಳಿದಮೇಲೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಸುತ್ತ ಅಷ್ಟು ಜನ, ಎದುರಿಗೆ ಆ ಹೆಂಗಸು.

"ದಕ್ಷಿಣದಲ್ಲಿ ಇದ್ದವನಿಗೆ ಉತ್ತರದ ನೀರಿನ ಸುದ್ದಿ," ಎಂದು ದೋನ್ ಬೋನಿ ತಲೆಯಾಡಿಸಿದ. "ದಿಣ್ಣೆ ಹತ್ರ ಇವನ ಕಣ್ಣಿಗೆ ಬಿದ್ದಿಲ್ಲ ಅಂದ್ರೆ ಇನ್ನೂ ಕೆಳಗೆ ಹೋಗಿದಾರೆ. ನಡೀರಿ, ಬೆಳಕಿರೋವಾಗ್ಲೇ ಹೊರಡೋಣ."

ಹೀಗೆ ಅವನ ಅರ್ಧ ಸತ್ಯವನ್ನು ಅವನದೇ ಪೂರ್ತಿ ಸುಳ್ಳು ತಿಂದುಹಾಕಿತು. ಊರಿನ ದೋಣಿಗಳೆಲ್ಲ ದಕ್ಷಿಣಕ್ಕೆ, ಇನ್ನೂ ದಕ್ಷಿಣಕ್ಕೆ ಹೋದವು. ನಿಕನೋರ್ ಒಬ್ಬನೇ ಉತ್ತರಕ್ಕೆ ಹೋದ. ತಾನೇ ಹುಡುಕಿ ತಂದುಬಿಟ್ಟರೆ ಯಾರಿಗೂ ಏನೂ ಹೇಳಬೇಕಾಗಿಲ್ಲ ಎಂಬ ಆಸೆ ಅವನದು. ಕಳ್ಳನ ಲೆಕ್ಕಾಚಾರ ಅದು, ಅವನಿಗೂ ಗೊತ್ತಿತ್ತು. ಒಂದು ದೋಣಿಗೆ ಎಷ್ಟು ಸಮುದ್ರ ಕಂಡೀತು. ಬೆಳಕು ಹೋಗುವ ತನಕ ಅಡ್ಡಾಡಿ ಬರಿಗೈಯಲ್ಲಿ ಹಿಂದೆ ಬಂದ.

ಹೆಂಡತಿ ಮೀಕಾ ಊಟಕ್ಕೆ ಬಡಿಸಿದಳು. ಅವನು ತೋರ್ತಿಯಾ ಹರಿದು ಹರಿದು ತಟ್ಟೆಯಲ್ಲೇ ಗುಡ್ಡೆ ಹಾಕುತ್ತಿದ್ದ.

"ಎಲ್ರೂ ದಕ್ಷಿಣಕ್ಕೆ ಹೋದ್ರು. ನೀವೊಬ್ರೇ ಉತ್ತರಕ್ಕೆ ಯಾಕೆ ಹೋದ್ರಿ?"

ಅವನು ಹೇಳಿದ. ದಿಮ್ಮಿ, ಚುಕ್ಕೆ, ಜೋಯ್ಸ್ ಕೈ ಬೀಸಿದ್ದು, ತಾನು ಇಂಜಿನ್ ಎಳೆದದ್ದು, ಎಲ್ಲ. ಮೀಕಾ ಶಿಲುಬೆಯ ಗುರುತು ಹಾಕಿಕೊಂಡಳು, ಆಮೇಲೆ ಕೋಪ ಉಕ್ಕಿತು.

"ನನಗೆ ಹೇಳಿ ಏನು ಬಂತು? ನನ್ನ ಹತ್ರ ದೋಣಿ ಇದೆಯಾ? ಹೇಳಬೇಕಾದೋರಿಗೆ ಹೇಳಿ."

"ಚಬೇಲಾ ಮುಖ ಹೇಗೆ ನೋಡ್ಲಿ?"

"ಅವಳ ಮುಖದ ಚಿಂತೆ ಆಮೇಲೆ. ಅವಳ ಗಂಡ, ತಮ್ಮ ಇನ್ನೂ ನೀರಲ್ಲಿದಾರೆ."

ಬೆಳಗಿನ ಜಾವ ದೋಣಿಗಳು ಮತ್ತೆ ದಕ್ಷಿಣಕ್ಕೆ ಹೊರಟಾಗ ನಿಕನೋರ್ ದಡದಿಂದ ಸ್ವಲ್ಪ ದೂರ ಹೋಗಿ ಇಂಜಿನ್ ಆರಿಸಿ ರೇಡಿಯೋ ಕೈಗೆತ್ತಿಕೊಂಡ. ಸಂಘದ ಕೋಣೆಯಲ್ಲೂ ಒಂದು ರೇಡಿಯೋ ಇತ್ತು, ಅದರ ಮುಂದೆ ಚಬೇಲಾ ಮಗಳನ್ನು ಪಕ್ಕಕ್ಕಿಟ್ಟುಕೊಂಡು ಕೂತಿದ್ದಾಳೆಂದು ಅವನಿಗೆ ಗೊತ್ತಿತ್ತು. ಗುಂಡಿ ಒತ್ತಿದ.

"ನಾನು ಮುದೋ. ಎಲ್ರೂ ಕೇಳಿ. ಮೂರು ದಿನ ನಾನು ಉತ್ತರದಲ್ಲಿದ್ದೆ, ದಕ್ಷಿಣದಲ್ಲಲ್ಲ. ಸೋಮವಾರ ದಿಮ್ಮಿ ಮೇಲೆ ಮೀನು ಹಿಡಿಸ್ತಿದ್ದೆ. ಪೂರ್ವಕ್ಕೆ ಒಂದು ಪಾಂಗಾ ನಿಂತಿತ್ತು. ಕೈ ಬೀಸ್ತಿದ್ರು. ಗ್ವೇರೋ ಅಂದ್ಕೊಂಡೆ. ದಿಮ್ಮಿ ಬಚ್ಚಿಡೋಕೆ ನಾನು ಅಲ್ಲಿಂದ ಹೊರಟುಹೋದೆ. ಅದು ಲಾಯೋನೇ. ದಿಮ್ಮಿ ದಿನಾ ಉತ್ತರಕ್ಕೆ ಹೋಗ್ತಿತ್ತು. ಅವರೂ ಅಲ್ಲೇ ಇದಾರೆ."

ರೇಡಿಯೋ ಬರೀ ಗೊರಗುಟ್ಟಿತು. ಬೈಗುಳ ಬರಲಿ ಎಂದು ಅವನು ಕಾದ, ಬರಲಿಲ್ಲ. ಕೊನೆಗೆ ಗ್ವೇರೋನ ದನಿ ಬಂತು.

"ಎಷ್ಟು ಉತ್ತರಕ್ಕೆ?"

ನಿಕನೋರ್ ಹೇಳಿದ. ಗುಡ್ಡದ ಯಾವ ತುದಿ ಯಾವ ಬಂಡೆಗೆ ನೇರ ಬರುತ್ತದೆ, ನೀರಿನ ಬಣ್ಣ ಎಲ್ಲಿ ತಿರುಗುತ್ತದೆ, ದಿನಕ್ಕೆ ಎಷ್ಟು ಸರಿಯುತ್ತಿತ್ತು, ಅಪ್ಪನಿಂದ ಕಲಿತದ್ದು, ತಾನೇ ಕಂಡುಕೊಂಡದ್ದು, ಬದುಕಿಡೀ ಹೆಂಡತಿಗೂ ಹೇಳದೆ ಇಟ್ಟುಕೊಂಡದ್ದನ್ನೆಲ್ಲ ಹೇಳಿದ. ದೋಣಿಗಳು ಒಂದೊಂದಾಗಿ ಮೂಗು ತಿರುಗಿಸಿದವು. ಅವನ ಪಕ್ಕದಲ್ಲಿ ಹಾದುಹೋದವರು ಯಾರೂ ಅವನತ್ತ ನೋಡಲಿಲ್ಲ.

ಬಿಸಿಲು ನೆತ್ತಿಗೇರುವ ಹೊತ್ತಿಗೆ ದೂರದಲ್ಲಿ ಎರಡು ಕತ್ತರಿಬಾಲದ ಹಕ್ಕಿಗಳು ಒಂದೇ ಜಾಗದ ಮೇಲೆ ಸುತ್ತುವುದು ಅವನಿಗೆ ಕಂಡಿತು. ಏನೋ ತೇಲುತ್ತಿದೆ ಎಂದರ್ಥ. ಅವನು ಗುಡುಗಿಸಿಕೊಂಡು ಹೋದ. ಪಾಂಗಾ ಅಂಚಿನ ತನಕ ಮುಳುಗಿತ್ತು. ಐಸ್ ಪೆಟ್ಟಿಗೆಗೆ ಹಗ್ಗದಿಂದ ತನ್ನನ್ನು ತಾನೇ ಕಟ್ಟಿಕೊಂಡು, ಅಂಗಿಯನ್ನು ತಲೆಗೆ ಹೊದ್ದುಕೊಂಡು ಲಾಯೋ ಒರಗಿದ್ದ. ಅವನ ಕೆಳಗಿನ ನೀಲಿ ನೀರಿನಲ್ಲಿ ದೊರಾದೋಗಳು ತಮ್ಮ ಪಾಡಿಗೆ ತಾವು ತಿರುಗಾಡುತ್ತಿದ್ದವು. ದಿಮ್ಮಿಯ ಕೆಳಗಿದ್ದದ್ದಕ್ಕಿಂತ ಹೆಚ್ಚಿದ್ದವು. ನಿಕನೋರ್ ಜೀವನದಲ್ಲಿ ಮೊದಲ ಸಲ ಆ ಮೀನನ್ನು ಕಂಡು ಮುಖ ತಿರುಗಿಸಿದ.

ಲಾಯೋ ಬದುಕಿದ್ದ. ಪೆಟ್ಟಿಗೆಯಲ್ಲಿ ಐಸ್ ಕರಗಿದ ನೀರು ಅವನನ್ನು ಉಳಿಸಿತ್ತು. ತುಟಿ ಒಡೆದು, ಮುಖ ಊದಿ, ಗುರುತು ಹತ್ತುವಂತಿರಲಿಲ್ಲ. ನಿಕನೋರ್ ಅವನನ್ನು ತಬ್ಬಿ ಎತ್ತಿ ತನ್ನ ದೋಣಿಗೆ ಹಾಕಿಕೊಂಡು, ಬಟ್ಟೆ ಅದ್ದಿ ಹನಿಹನಿಯಾಗಿ ನೀರು ಹಿಂಡಿದ. ರೇಡಿಯೋದಲ್ಲಿ "ಲಾಯೋ ಸಿಕ್ಕ, ಬದುಕಿದಾನೆ" ಎಂದ. ಆಮೇಲೆ ಮುಳುಗಿದ ದೋಣಿಯ ಒಳಗೂ ಸುತ್ತಲೂ ನೋಡಿದ.

"ಎಫ್ರೇನ್ ಎಲ್ಲಿ, ಕೊಂಪಾದ್ರೆ?"

ಲಾಯೋ ಕಣ್ಣು ಮುಚ್ಚಿಕೊಂಡ. ದನಿ ಬಂದಾಗ ಅದು ಗಂಟಲಿನಿಂದಲ್ಲ, ಎಲ್ಲೋ ಕೆಳಗಿನಿಂದ ಬಂದಂತಿತ್ತು.

"ನೀವು ಅವತ್ತು ಇಂಜಿನ್ ಆರಿಸಿ ನಿಂತಿದ್ರಿ. ಆ ಹೆಂಗಸು ಕೋಲು ಬೀಸೋದು ಕಾಣ್ತಿತ್ತು. ಮುದೋನೇ, ಅಂತ ಎಫ್ರೇನ್ ಕುಣಿದಾಡಿಬಿಟ್ಟ. ಕೂಗಿದ್ವಿ. ಗಾಳಿ ನಮ್ಮ ಕಡೆಗಿತ್ತು, ನಿಮಗೆ ಕೇಳಲಿಲ್ಲ. ಆ ಹೆಂಗಸು ಕೈ ಬೀಸಿದ್ಲು. ನೋಡಿದ್ರು, ನೋಡಿದ್ರು ಅಂತ ಅವನು ಅಳೋಕೇ ಶುರು ಮಾಡ್ದ. ನಾನೇ ಈಜಿ ಮುಟ್ತೀನಿ ಅಂತ ಹಾರ್ದ."

ನಿಕನೋರ್ ಬಟ್ಟೆಯನ್ನು ಮತ್ತೆ ನೀರಿಗೆ ಅದ್ದಿದ.

"ಅವನು ಇನ್ನೂ ಸ್ವಲ್ಪ ದೂರ ಈಜಿದ್ದ ಅಷ್ಟೇ. ನೀವು ಇಂಜಿನ್ ಹಾಕಿದ್ರಿ. ವಾಪಸ್ ಬರ್ತಾನೆ ಅಂದ್ಕೊಂಡೆ. ಬರ್ಲಿಲ್ಲ. ನಿಮ್ಮ ದೋಣಿ ಹಿಂದೇನೇ ಈಜ್ತಾ ಹೋದ."

ದೋಣಿಯ ಮೂಗು ಊರಿನ ಕಡೆ ತಿರುಗಿತು. ನಿಕನೋರನಿಗೆ ಅಳು ಕೂಡ ಬರಲಿಲ್ಲ. ಅಳುವ ಹಕ್ಕು ತನಗಿಲ್ಲ ಎನಿಸಿತು. ದಡ ಕಾಣತೊಡಗಿದಾಗ ಲಾಯೋ ಅವನ ಮೊಣಕೈ ಹಿಡಿದುಕೊಂಡ. ಹಿಡಿತದಲ್ಲಿ ಬಲವಿರಲಿಲ್ಲ.

"ಚಬೇಲಾಗೆ ಇದನ್ನ ಹೇಳಬೇಡಿ. ಭಾನುವಾರ ಬಿರುಗಾಳೀಲೇ ಹೋದ ಅಂತ ಹೇಳಿ. ನಾನೂ ಹಾಗೇ ಹೇಳ್ತೀನಿ. ಯಾದಿರಾ ನಿಮ್ಮ ಕೈಮೇಲೆ ಜ್ಞಾನಸ್ನಾನ ಆದೋಳು. ಒಂದೇ ಬೀದೀಲಿ ಬದುಕಬೇಕು ನಾವು." ಅವನು ಬಾಯಿ ಸೊಟ್ಟ ಮಾಡಿದ, ನಗುವೋ ನೋವೋ ತಿಳಿಯಲಿಲ್ಲ. "ಇಂಥದ್ದೆಲ್ಲ ನಿಮ್ಮ ಹೊಟ್ಟೇಲಿ ಚೆನ್ನಾಗಿ ಉಳಿಯುತ್ತೆ."

ನಿಕನೋರ್ ಆಗಲಿ ಎಂದ. ಮನಸಾರೆ ಆಗಲಿ ಎಂದ. ಇದರಿಂದ ಅವಳಿಗೂ ಒಳ್ಳೆಯದು, ಲಾಯೋನಿಗೂ ಒಳ್ಳೆಯದು, ತನಗಂತೂ ಒಳ್ಳೆಯದೇ.

ದಡದಲ್ಲಿ ಗಂಡಸರು ಸೊಂಟದ ತನಕ ನೀರಿಗಿಳಿದು ಲಾಯೋನನ್ನು ಎತ್ತಿಕೊಂಡರು. ಯಾದಿರಾ ಅಪ್ಪನ ಪಾದ ಹಿಡಿದುಕೊಂಡು ಓಡುತ್ತ ಅಳುತ್ತ ಹೋದಳು. ಚಬೇಲಾ ಗಂಡನ ಮುಖ ಸವರಿದಳು, ಹಣೆಗೆ ಮುತ್ತಿಟ್ಟಳು, ಅವನನ್ನು ಚಪ್ಪರದಡಿ ಮಲಗಿಸುವ ತನಕ ಜೊತೆಗಿದ್ದಳು. ಎಫ್ರೇನ್ ಬಂದಿಲ್ಲ ಎಂಬುದು ಅವಳಿಗೆ ಕಣ್ಣಿಗೇ ಕಂಡಿತ್ತು, ಯಾರೂ ಹೇಳಬೇಕಾಗಿರಲಿಲ್ಲ. ಗಂಡ ಅವಳ ಕಿವಿಯಲ್ಲಿ ಏನೋ ಹೇಳಿದ. ಅವಳು ತಲೆಯಾಡಿಸಿದಳು. ಆಮೇಲೆ ಎದ್ದು ಮರಳಿನ ಮೇಲೆ ನೇರ ನಿಕನೋರನ ದೋಣಿಯ ಬಳಿಗೆ ನಡೆದು ಬಂದಳು.

ಅವನು ಉತ್ತರವನ್ನು ಸಿದ್ಧ ಮಾಡಿಟ್ಟುಕೊಂಡಿದ್ದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಹೇಳಿ ಹೇಳಿ ನಯ ಮಾಡಿದ್ದ.

"ರೇಡಿಯೋದಲ್ಲಿ ನೀವು ಹೇಳಿದ್ದು ಕೇಳಿಸ್ಕೊಂಡೆ," ಎಂದಳು ಚಬೇಲಾ. ಕೂಗಲಿಲ್ಲ, ಅಳಲಿಲ್ಲ. "ಗೊತ್ತಿಲ್ದೆ ಆದದ್ದು. ನಿಮ್ಮ ಜಾಗದಲ್ಲಿ ಗ್ವೇರೋ ಇದ್ದಿದ್ರೂ ಹಾಗೇ ಹೋಗ್ತಿದ್ದ. ಅದಕ್ಕೆ ನಾನು ಏನೂ ಅನ್ನಲ್ಲ. ಒಂದೇ ಒಂದು ಹೇಳಿ. ಸೋಮವಾರ ನೀವು ನೋಡ್ದಾಗ ಆ ದೋಣೀಲಿ ನನ್ನ ತಮ್ಮ ಇದ್ನಾ?"

ಇರಲಿಲ್ಲ ಎನ್ನಬೇಕಿತ್ತು. ಒಂದೇ ಪದ. ಅವನು ಬಾಯಿ ತೆರೆದ. ಬೆಳಿಗ್ಗೆ ರೇಡಿಯೋದ ಗುಂಡಿ ಒತ್ತಿದಾಗ ಒಳಗೆ ಏನು ಕಿತ್ತುಹೋಗಿತ್ತೋ ಏನೋ, ಸುಳ್ಳು ಹೇಳಲು ನಾಲಿಗೆ ಹೊರಳಲೇ ಇಲ್ಲ.

"ಇದ್ದ, ಕೊಮಾದ್ರೆ. ನನ್ನನ್ನ ನೋಡಿ ನೀರಿಗೆ ಹಾರ್ದ. ನನ್ನ ದೋಣಿ ಹಿಂದೆ ಈಜ್ತಾ ಬಂದ."

ಚಬೇಲಾ ಅವನನ್ನೇ ನೋಡಿದಳು. ಕೆನ್ನೆಗೆ ಹೊಡೆಯುತ್ತಾಳೆ ಎಂದುಕೊಂಡು ಅವನು ನಿಂತಿದ್ದ, ಹೊಡೆದರೆ ಸಾಕು ಎಂದೂ ಅಂದುಕೊಂಡ. ಅವಳು ಕೈ ಎತ್ತಲಿಲ್ಲ. ಅವಳ ಕಣ್ಣಲ್ಲಿ ಅಷ್ಟು ಹೊತ್ತೂ ತಡೆದು ಹಿಡಿದದ್ದು ಏನೋ ಕುಸಿಯಿತು. ಗಂಡ ಕಿವಿಯಲ್ಲಿ ಹೇಳಿದ ಮಾತನ್ನು ನಂಬಲೆಂದೇ ಅವಳು ಬಂದಿದ್ದಳು ಎಂದು ನಿಕನೋರನಿಗೆ ಆಗ ಅರ್ಥವಾಯಿತು.

"ಇಷ್ಟು ವರ್ಷ ಇಡೀ ಊರಿಗೇ ಸುಳ್ಳು ಹೇಳಿದ್ರಿ, ಕೊಂಪಾದ್ರೆ," ಎಂದಳು. "ನನಗೊಂದು ಹೇಳೋಕೆ ಆಗ್ಲಿಲ್ವಾ ನಿಮಗೆ?"

ಉತ್ತರಕ್ಕೆ ಅವಳು ಕಾಯಲಿಲ್ಲ. ಚಪ್ಪರದಡಿ ಗಂಡ ನೀರು ಕೇಳುತ್ತಿದ್ದ, ಅವಳು ಅತ್ತ ಹೋದಳು.